ವಾಚನಾಲಯಕ್ಕೆ ಕಾಫಿ ಮಳಿಗೆ ಬರದಂತೆ ತಡೆದದ್ದು: ನನ್ನ ಅನುಭವ

ಸಾರ್ವಜನಿಕ ಗ್ರಂಥಾಲಯದ ವಾಚನಾಲಯವನ್ನು ಊರೂರಿಗೂ ಶಾಖೆಯಿರುವ ಕಾಫಿ ಕಂಪನಿಯೊಂದಕ್ಕೆ ಬಾಡಿಗೆಗೆ ಕೊಡುವ ಪ್ರಸ್ತಾವ ಬಿದ್ದುಹೋಗಿ ಎರಡು ತಿಂಗಳಾಯಿತು. "ಕಾಗದ ಬರೆದರೆ ಯಾರು ಕೇಳುತ್ತಾರೆ, ಬೀದಿಗಿಳಿಯಿರಿ" ಎಂದಿದ್ದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬೀದಿಗೂ ಇಳಿದಿದ್ದೆವು. ಫ್ಲೆಕ್ಸ್, ಶಾಮಿಯಾನ, ಮೈಕ್ ಸೇರಿ ಆರು ಸಾವಿರದಷ್ಟು ಖರ್ಚಾಯಿತು. ಬಂದವರು ಹದಿನೈದು ಮಂದಿ. ಸಹಿ ಸಂಗ್ರಹವೂ ನೆಲಕಚ್ಚಿತು. ಸುಮಾರು ಏಳುನೂರು ಸಹಿಗಳಲ್ಲಿ ಅರ್ಧಕ್ಕೆ ವಿಳಾಸವೇ ಇರಲಿಲ್ಲ. ಅಧಿಕಾರಿ ಹಾಳೆ ತಿರುವಿ, "ಇವರಲ್ಲಿ ಗ್ರಂಥಾಲಯದ ಸದಸ್ಯರು ಎಷ್ಟು?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಮಾಹಿತಿ ಹಕ್ಕಿನ ಮೊದಲ ಅರ್ಜಿ ಹಿಂದಿರುಗಿತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಾನು ಐದು ವಿಷಯ ತುರುಕಿದ್ದೆ. ಮತ್ತೆ ಬಿಡಿಬಿಡಿಯಾಗಿ ಐದು ಅರ್ಜಿ ಹಾಕಿದೆ, ತಲಾ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. 30 ದಿನ ಕಳೆದು, ಮೇಲ್ಮನವಿ ಹಾಕಿದ ಮೇಲೆ ಪ್ರಸ್ತಾವದ ಕಡತದಲ್ಲಿದ್ದ ಟಿಪ್ಪಣಿ ಹಾಳೆಯ ನಕಲು ಕೈಸೇರಿತು. "ಓದುಗರು ವಿರಳ" ಎಂಬ ಒಂದೇ ಸಾಲಿನ ಮೇಲೆ ಇಡೀ ಪ್ರಸ್ತಾವ ನಿಂತಿತ್ತು.

ಆ ಸಾಲನ್ನೇ ಹಿಡಿದೆವು. ಹನ್ನೆರಡು ದಿನ, ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ, ಗಂಟೆಗೊಮ್ಮೆ ತಲೆ ಎಣಿಸಿದೆವು. ಹನ್ನೊಂದರ ಹೊತ್ತಿಗೆ ಅರವತ್ತು ಚಿಲ್ಲರೆ ಕುರ್ಚಿಗಳೂ ತುಂಬಿರುತ್ತಿದ್ದವು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಯೊಬ್ಬಳು ಕಿಟಕಿಯ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟು ನಿಂತೇ ಲೆಕ್ಕ ಬಿಡಿಸುತ್ತಿದ್ದಳು. ಅವಳನ್ನು ಕೇಳಿಯೇ ಒಂದು ಚಿತ್ರ ತೆಗೆದು ಎಣಿಕೆಯ ಪಟ್ಟಿಗೆ ಅಂಟಿಸಿದೆ.

ಇನ್ನೊಂದು ಅಸ್ತ್ರ ಆಸ್ತಿ ತೆರಿಗೆಯ ರಸೀದಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆ ತೆರಿಗೆಯ ಮೇಲೆ ನೂರಕ್ಕೆ ಆರರಷ್ಟು ಗ್ರಂಥಾಲಯ ಕರ ತೆರುತ್ತೇವೆ. ಆ ಸಾಲಿಗೆ ಕೆಂಪು ಗೆರೆ ಎಳೆದ ನಕಲಿನೊಂದಿಗೆ ಪ್ರತಿಯೊಬ್ಬರೂ ಸ್ವಂತ ಕೈಬರಹದಲ್ಲಿ ಆಕ್ಷೇಪಣೆ ಬರೆದರು. ರಸೀದಿ ಇಲ್ಲದ ವಿದ್ಯಾರ್ಥಿಗಳು ತಾವು ಕೂರುವ ಹೊತ್ತನ್ನು ಬರೆದರು. ಒಟ್ಟು 180 ಪತ್ರಗಳಿರಬೇಕು. ಒಟ್ಟಿಗೆ ಕೊಡಲಿಲ್ಲ, ದಿನಕ್ಕೆ ಹತ್ತರಂತೆ ಟಪಾಲು ವಿಭಾಗಕ್ಕೆ ಕೊಟ್ಟು ಮೊಹರು ಹಾಕಿಸಿಕೊಂಡೆವು. ಯಾವ ದಿನ ಶುರು ಮಾಡಿದೆವು, ಕಡೆಯ ಪತ್ರ ಯಾರದು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಮತ್ತೆ ಬೇಕಾದೀತು.

ನಡುವೆ ಕುತೂಹಲಕ್ಕೆ ಒಂದು ಪೆಟ್ಟಿಗೆ ಇಟ್ಟು, ಇಲ್ಲಿ ಏನು ಬೇಕು ಎಂದು ಚೀಟಿ ಬರೆಸಿದೆ. ಕಾಫಿ ಕೇಳಿದವರೂ ಇದ್ದರು. ಅವರಿಗಿಂತ ಹೆಚ್ಚು ಜನ ಕೇಳಿದ್ದು ಕುಡಿಯುವ ನೀರು ಮತ್ತು ಶೌಚಾಲಯದ ಬಾಗಿಲಿಗೆ ಚಿಲಕ. ಆ ಚೀಟಿಗಳನ್ನೂ ಪ್ರಸ್ತಾವದ ಬಗ್ಗೆ ನಡೆದ ಸಭೆಗೆ ಒಯ್ದೆ.

ಸಭೆಯಲ್ಲಿ ಅದೇ ಅಧಿಕಾರಿ ಅದೇ ಪ್ರಶ್ನೆ ಕೇಳಿದರು: ಸದಸ್ಯರು ಎಷ್ಟು? ಈ ಸಲ ಪ್ರತಿ ಪತ್ರದ ತಲೆಯ ಮೇಲೂ ಸದಸ್ಯತ್ವ ಸಂಖ್ಯೆ ಇತ್ತು. ಅರ್ಧ ಗಂಟೆಯಲ್ಲಿ ಮುಗಿಯಿತು. ಖರ್ಚು ಒಟ್ಟು ಒಂಬತ್ತು ಸಾವಿರ. ಗೆಲ್ಲಿಸಿದ ದಾರಿಗೆ ತಗಲಿದ್ದು ಒಂದೂವರೆ ಸಾವಿರವಷ್ಟೇ. ಚಿಲಕ ಹಾಕಿಸಿದ್ದಾರೆ. ನೀರಿನ ಫಿಲ್ಟರ್ ಇನ್ನೂ ಬಂದಿಲ್ಲ, ಅದಕ್ಕೆ ಆರನೆಯ ಅರ್ಜಿ ಹಾಕಿದ್ದೇನೆ.