ಫೈರ್‌ವಾಲ್ ಕೊಳ್ಳುವ ಮುಂಚೆ ಮನೆಯ ಕಂಪ್ಯೂಟರಿನಲ್ಲಿ ಮಾಡಬೇಕಾದ್ದು

‘ಮನೆ ಕಂಪ್ಯೂಟರಿಗೆ ಯಾವ ಫೈರ್‌ವಾಲ್ ಹಾಕಿಸಲಿ?’ ಎಂದು ಕೇಳುವವರು ಬಹಳ ಮಂದಿ. ಫೈರ್‌ವಾಲ್ ಅಂದರೆ ಕಂಪ್ಯೂಟರಿಗೆ ಬರುವ, ಅದರಿಂದ ಹೋಗುವ ನೆಟ್‌ವರ್ಕ್ ಸಂಪರ್ಕಗಳನ್ನು ಕಾಯುವ ತಂತ್ರಾಂಶ. ವಿಂಡೋಸ್ ಬಳಸುವವರು ದುಡ್ಡು ಕೊಟ್ಟು ತರಬೇಕಾಗಿಲ್ಲ. 2004ರ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 2ರಿಂದ ಈಚೆಗೆ ವಿಂಡೋಸ್ ಜೊತೆಗೇ ಫೈರ್‌ವಾಲ್ ಚಾಲೂ ಆಗಿ ಬರುತ್ತದೆ. ಅದನ್ನು ಸರಿಯಾಗಿ ಹೊಂದಿಸಿಕೊಳ್ಳುವುದೇ ಮುಖ್ಯ ಕೆಲಸ.

ಎಲ್ಲಕ್ಕಿಂತ ಮೊದಲು ಅಪ್‌ಡೇಟ್. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳೇ ಸಿಕ್ಕಿಬಿದ್ದವು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದು ಅದೇ ಆಗಿದ್ದರೆ 11ಕ್ಕೆ ಹೋಗುವ ದಾರಿ ನೋಡಿ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಭಾಗಕ್ಕೆ ಹೋಗಿ, ನಿಮ್ಮ ವೈಫೈ ‘ಪಬ್ಲಿಕ್’ ಎಂದಿದೆಯೋ ‘ಪ್ರೈವೇಟ್’ ಎಂದಿದೆಯೋ ನೋಡಿ. ಮನೆಯ ಬೇರೆ ಕಂಪ್ಯೂಟರಿನೊಂದಿಗೆ ಕಡತ ಹಂಚಿಕೊಳ್ಳುವುದಿಲ್ಲವಾದರೆ ಮನೆಯಲ್ಲೂ ‘ಪಬ್ಲಿಕ್’ ಇರಲಿ, ಆಗ ಅದೇ ವೈಫೈನ ಬೇರೆ ಯಂತ್ರಗಳಿಗೆ ನಿಮ್ಮದು ಕಾಣುವುದಿಲ್ಲ. ಪೇಯಿಂಗ್ ಗೆಸ್ಟ್‌ಗಳಲ್ಲಿ ಒಂದೇ ವೈಫೈ ಹತ್ತಾರು ಜನ ಬಳಸುವ ಕಡೆ ಇದು ಬೇಕೇ ಬೇಕು.

ಹೆಚ್ಚು ಹೊತ್ತು ಕೊಡಬೇಕಾದ್ದು ಮುಂದಿನ ಹಂತಕ್ಕೆ. ವಿಂಡೋಸ್ ಸೆಕ್ಯುರಿಟಿ ತೆರೆದು, ಫೈರ್‌ವಾಲ್ ಭಾಗದಲ್ಲಿ ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿ ತೆಗೆಯಿರಿ. ಹೊಸ ಆ್ಯಪ್ ಹಾಕಿದಾಗ ಬರುವ ಕಿಟಕಿಯಲ್ಲಿ ಓದದೆ ‘ಅಲೋ’ ಒತ್ತಿದ್ದೆಲ್ಲ ಅಲ್ಲಿ ಕೂತಿರುತ್ತದೆ: ಎಂದೋ ಆಡಿ ಬಿಟ್ಟ ಗೇಮ್, ಟೊರೆಂಟ್ ತಂತ್ರಾಂಶ, ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ರಿಪೇರಿಯವರು ಹಾಕಿಹೋದ ಎನಿಡೆಸ್ಕ್‌ನಂಥ ರಿಮೋಟ್ ಆ್ಯಪ್. ಬಳಸದವುಗಳ ‘ಪ್ರೈವೇಟ್’, ‘ಪಬ್ಲಿಕ್’ ಎರಡೂ ಕಾಲಂನ ಟಿಕ್ ತೆಗೆಯಿರಿ. ರಿಮೋಟ್ ಆ್ಯಪನ್ನಂತೂ ಅನ್‌ಇನ್‌ಸ್ಟಾಲ್ ಮಾಡಲೇಬೇಕು. ಏಕೆಂದರೆ ಈ ಫೈರ್‌ವಾಲ್ ಹೊರಗಿನಿಂದ ತಾನಾಗಿ ಬರುವ ಸಂಪರ್ಕವನ್ನು ತಡೆಯುತ್ತದೆ, ಒಳಗಿನಿಂದ ಹೊರಹೋಗುವುದನ್ನು ಬಿಟ್ಟುಬಿಡುತ್ತದೆ. ಬ್ಯಾಂಕಿನವರೆಂದು ಫೋನ್ ಮಾಡಿ ರಿಮೋಟ್ ಆ್ಯಪ್ ಹಾಕಿಸುವ ವಂಚಕರಿಗೆ ಈ ದಾರಿಯೇ ಸಾಕು. ಹಾಗೆ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ.

ದಿನನಿತ್ಯದ ಬಳಕೆಗೆ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಖಾತೆ ಇಟ್ಟುಕೊಳ್ಳಿ. ಮಕ್ಕಳಿಗೂ ಅದನ್ನೇ ಕೊಡಿ. ಅಡ್ಮಿನ್ ಪಾಸ್‌ವರ್ಡ್ ಕೇಳುವ ಇನ್‌ಸ್ಟಾಲ್‌ಗಳು ಅಲ್ಲಿಯೇ ನಿಲ್ಲುತ್ತವೆ. ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯೂಪಿಎಸ್ (ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ವೈಫೈ ಸೇರುವ ಸೌಲಭ್ಯ) ಮತ್ತು ಹೊರಗಿನಿಂದ ರೌಟರ್ ನಿಯಂತ್ರಿಸುವ ಸೌಲಭ್ಯ ಎರಡನ್ನೂ ಬಂದ್ ಮಾಡಿ.

ಇಷ್ಟಾದ ಮೇಲೂ ಯಾವ ಆ್ಯಪ್ ಎಲ್ಲಿಗೆ ಸಂಪರ್ಕಿಸುತ್ತಿದೆ ಎಂದು ನೋಡುವ ಆಸಕ್ತಿ ಇದ್ದರೆ ಗ್ಲಾಸ್‌ವೈರ್ ಒಳ್ಳೆಯದು, ಚಿತ್ರದ ಮೂಲಕ ತೋರಿಸುತ್ತದೆ. ತಡೆಯಲೂ ಬೇಕೆಂದರೆ ಸಿಂಪಲ್‌ವಾಲ್ ಇದೆ. ಅದು ಉಚಿತ, ಮುಕ್ತ ತಂತ್ರಾಂಶ. ಆದರೆ ಫಿಲ್ಟರ್ ಚಾಲೂ ಮಾಡಿದೊಡನೆ ನೀವು ಒಪ್ಪದ ಆ್ಯಪ್‌ಗಳೆಲ್ಲ ನಿಂತುಹೋಗುತ್ತವೆ, ಒಂದೊಂದಕ್ಕೂ ಅನುಮತಿ ಕೊಡುತ್ತ ಕೂರಬೇಕು. ಅಷ್ಟು ತಾಳ್ಮೆ ಇಲ್ಲದ ಮನೆಯಲ್ಲಿ, ಅದರಲ್ಲೂ ಹಿರಿಯರು ಬಳಸುವ ಯಂತ್ರದಲ್ಲಿ, ಅದನ್ನು ಹಾಕಬೇಡಿ. ಹಾಕುವುದಾದರೆ ಇಂಥದ್ದು ಒಂದೇ ಇರಲಿ, ತಯಾರಕರ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಿ.