ಪಾತ್ರ ಬಿಟ್ಟು ಕಥೆ ಹಿಡಿದೆ: ಈಡಿಪಸ್ ಮಾಡಿಸಿದ ನನ್ನ ಅನುಭವ

ಈ ಸಲ ನಮ್ಮ ಈಡಿಪಸ್, ಸೋಫೊಕ್ಲಿಸ್‌ನ ಗ್ರೀಕ್ ದುರಂತ ನಾಟಕ, ಗೆದ್ದಿತು. ಮೂರು ಶೋ ಆಯ್ತು, ಮೂರರಲ್ಲೂ ಜನ ಕೊನೆವರೆಗೆ ಅಲ್ಲಾಡದೆ ಕೂತರು. "ಪಾತ್ರದ ಒಳಗೆ ಇಳಿಯದೆ ಗ್ರೀಕ್ ನಾಟಕ ಮಾಡಿಸ್ತೀಯಾ? ಬೊಂಬೆಯಾಟ ಆಗತ್ತೆ ಕಣಯ್ಯಾ" ಅಂದಿದ್ದರು ಹಿರಿಯರೊಬ್ಬರು. ತಂಡದಲ್ಲೂ ಅರ್ಧ ಜನಕ್ಕೆ ನಂಬಿಕೆ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆರು ವರ್ಷದ ಹಿಂದೆ ನಾನೂ ಪಾತ್ರದಿಂದಲೇ ಶುರು ಮಾಡಿದ್ದೆ. ಪ್ರತಿ ನಟನಿಂದ ಅವನ ಪಾತ್ರದ ಬಾಲ್ಯ, ಭಯ, ಆಸೆ ಎಲ್ಲಾ ಬರೆಸಿದೆ. ಈಡಿಪಸ್ ಮಾಡುತ್ತಿದ್ದ ಹುಡುಗ ಇಪ್ಪತ್ತು ಪುಟ ಬರೆದ. ರಂಗಕ್ಕೆ ಬಂದರೆ ಮೊದಲ ದೃಶ್ಯದಿಂದಲೇ ದುಃಖದ ಮುಖ. ತಾನು ಅಪ್ಪನನ್ನೇ ಕೊಂದು ಅಮ್ಮನನ್ನೇ ಮದುವೆಯಾಗಿದ್ದೇನೆ ಅಂತ ಆಗಿನ್ನೂ ಈಡಿಪಸ್‌ಗೆ ಏನೂ ಗೊತ್ತಿಲ್ಲ, ಆದರೆ ಹುಡುಗನ ಮುಖಕ್ಕೆ ಎಲ್ಲಾ ಗೊತ್ತಿತ್ತು! ಸೆಟ್, ಬಟ್ಟೆ, ಹಾಲ್ ಬಾಡಿಗೆ ಸೇರಿ ಸುಮಾರು 65 ಸಾವಿರ ಖರ್ಚು. ಟಿಕೆಟ್‌ನಿಂದ ಬಂದದ್ದು 18 ಇರಬೇಕು. ಉಳಿದ ಸಾಲ ತೀರಿಸಲು ಎರಡು ವರ್ಷ ಹಿಡಿಯಿತು.

ಕಥೆಯ ಕಟ್ಟೇ ದುರಂತ ನಾಟಕದ ಜೀವ, ಪಾತ್ರ ಎರಡನೆಯದು ಅಂತ ಅರಿಸ್ಟಾಟಲ್ ಹೇಳಿದ್ದು ನಿಮಗೆಲ್ಲಾ ಗೊತ್ತು. ಅದನ್ನು ತಾಲೀಮಿಗೆ ತರೋದು ಹೇಗೆ ಅನ್ನೋದೇ ನನಗೆ ಹೊಳೆದಿರಲಿಲ್ಲ. ಈ ಸಲ ಲಂಕೇಶರ ಅನುವಾದ ಕೈಯಲ್ಲಿದ್ದರೂ ಮೂರು ವಾರ ಯಾರಿಗೂ ಸಂಭಾಷಣೆ ಕೊಡಲಿಲ್ಲ. ನೆಲದ ಮೇಲೆ ನಲವತ್ತರಷ್ಟು ಚೀಟಿ ಮಗುಚಿ ಹರಡಿದೆ. ಒಂದು ಚೀಟಿಗೆ ಒಂದೇ ಸಂಗತಿ. ಅದು ಬಯಲಾದಾಗ ತಿರುಗಿಸಬೇಕು, ಯಾರು ಯಾರಿಗೆ ಹೇಳಿದರು ಅಂತ ಕೂಗಬೇಕು, ಅಷ್ಟೇ.

ಹಿಂದಿನ ದೊರೆ ಲಾಯಸ್‌ನನ್ನು, ಅಂದರೆ ಈಡಿಪಸ್‌ಗೆ ಗೊತ್ತಿಲ್ಲದ ಅವನ ಅಪ್ಪನನ್ನು, ಕೊಂದದ್ದು ಒಬ್ಬನೋ, ಕಳ್ಳರ ಗುಂಪೋ? ಈಡಿಪಸ್ ಕೊನೆಗೆ ಅದೊಂದಕ್ಕೇ ಜೋತುಬಿದ್ದಿರುತ್ತಾನೆ. ಗುಂಪು ಅಂದರೆ ತಾನು ಉಳಿದ. ಅದನ್ನು ಕೇಳೋಕೇ ಆವತ್ತು ಬದುಕುಳಿದ ಆಳನ್ನು ಕರೆಸುತ್ತಾನೆ. ಅಷ್ಟರಲ್ಲಿ ಕೊರಿಂಥ್‌ನಿಂದ ಬಂದ ದೂತ, ಇವನ ಭಯ ಹೋಗಲಿ ಅಂತ, ನೀನು ನಿನ್ನ ಸಾಕಿದ ಅಲ್ಲಿನ ದೊರೆ ಪಾಲಿಬಸ್‌ನ ಮಗನೇ ಅಲ್ಲ ಅಂದುಬಿಡುತ್ತಾನೆ. ಮಗುವನ್ನು ಆ ದೂತನ ಕೈಗೆ ಕೊಟ್ಟವನೂ ಅದೇ ಆಳು. ಆಳು ಬಂದು ನಿಂತಾಗ, ಒಬ್ಬನೋ ಗುಂಪೋ ಅಂತ ಯಾರೂ ಕೇಳೋದೇ ಇಲ್ಲ! ತಾಲೀಮು ಮುಗಿದ ಮೇಲೆ ಆ ಒಂದು ಚೀಟಿ ಮಗುಚಿದ ಹಾಗೇ ಬಿದ್ದಿತ್ತು. ಮೇಳದ (ಕೋರಸ್‌ನ) ಹುಡುಗಿಯೊಬ್ಬಳು ನೋಡಿ ತೋರಿಸಿದಳು. ಇಪ್ಪತ್ತು ಪುಟ ಬರೆದಾಗ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಲ್ಲಿಂದ ಸಿಟ್ಟು, ಅನುಮಾನ ಯಾವುದನ್ನೂ ನಾನು ಹೇಳಿಕೊಡಲಿಲ್ಲ. ಮುಂದಿನ ಪ್ರಶ್ನೆ ಕೇಳು ಅಂದೆ, ಕುರುಡ ಕಾಲಜ್ಞಾನಿ ಟೈರೀಸಿಯಸ್ ಮೇಲೆ ಈಡಿಪಸ್ ರೇಗೋದು ತಾನಾಗಿ ಬಂತು. ಅವನ ಹೆಂಡತಿಯೂ ತಾಯಿಯೂ ಆದ ಯೊಕಾಸ್ಟಾಗೆ ಗಂಡನಿಗಿಂತ ಮೊದಲೇ ಗೊತ್ತಾಗತ್ತೆ ಅಲ್ವಾ, ಇನ್ನು ಕೇಳಬೇಡ ಅಂತ ಬೇಡಿಕೊಂಡು ಒಳಗೆ ಹೋಗುತ್ತಾಳಲ್ಲ, ಆಗ ಇಡೀ ಹಾಲ್ ಉಸಿರು ಹಿಡಿಯಿತು. ಅದಕ್ಕೆ ಮಾಡಿದ್ದನ್ನು ಇಲ್ಲಿ ಬರೆಯಲ್ಲ, ನೋಡೋಕೆ ಬನ್ನಿ.

ಮಧ್ಯೆ ಹತ್ತು ದಿನ, ಗಂಡ ಬಿಟ್ಟ ಹೆಣ್ಣು ಸೇಡಿಗೆ ತನ್ನ ಮಕ್ಕಳನ್ನೇ ಕೊಲ್ಲುವ ಗ್ರೀಕ್ ನಾಟಕ ಮೆಡಿಯಾಗೂ ಚೀಟಿ ಹರಡಿ ನೋಡಿದೆ. ಮೆಡಿಯಾಗೆ ಆಶ್ರಯ ಕೊಡ್ತೀನಿ ಅನ್ನುವ ಅಥೆನ್ಸ್ ದೊರೆ ಈಜಿಯಸ್ ಸುಮ್ನೆ ಬಂದು ಹೋಗುತ್ತಾನೆ, ಅರಿಸ್ಟಾಟಲ್ ದೂರಿದ್ದೂ ಅದನ್ನೇ. ತೆಗೆದು ನೋಡಿದರೆ ಅವಳು ಓಡಿಹೋಗೋಕೆ ಜಾಗವೇ ಇಲ್ಲ. ಮಕ್ಕಳನ್ನು ಕೊಲ್ಲಲೋ ಬಿಡಲೋ ಅಂತ ಅವಳು ಹೊಯ್ದಾಡುವ ಮಾತಿನಲ್ಲಂತೂ ಒಂದು ಚೀಟಿಯೂ ತಿರುಗಲ್ಲ. ಅಲ್ಲಿ ಇರೋದು ಅವಳ ಪಾತ್ರ ಮಾತ್ರ, ಕಥೆ ಅಲ್ಲ. ಕೈಬಿಟ್ಟೆ.

ಅಥೆನ್ಸ್‌ನಲ್ಲಿ ಎಲ್ಲಾ ಪಾತ್ರ ಮೂವರೇ ಮಾಡುತ್ತಿದ್ದರು, ನಾವು ನಾಲ್ವರು. ಮೇಳಕ್ಕೆ ಹದಿನೈದರ ಬದಲು ಏಳು. ಸೆಟ್ ಅಂದರೆ ಒಂದು ಬಾಗಿಲು, ಮೂರು ಮೆಟ್ಟಿಲು. ಖರ್ಚು ಹತ್ತಿರಹತ್ತಿರ 22 ಸಾವಿರ, ಬಂದದ್ದು 30ರ ಮೇಲೆ. ಆ ಹಿರಿಯರೂ ಎರಡು ಸಲ ಬಂದರು, ಎರಡೂ ಸಲ ಟಿಕೆಟ್ ತೆಗೆದುಕೊಂಡೇ.

ಈಗ ಅಂತಿಗೊನೆಗೆ ಚೀಟಿ ಬರೆಯುತ್ತಿದ್ದೇನೆ, ಅಣ್ಣನ ಹೆಣ ಹೂತಳು ಅಂತ ದೊರೆ ಕ್ರಿಯಾನ್ ಬಂಧಿಸಿಟ್ಟ ಹುಡುಗಿಯ ನಾಟಕ ಅದು. ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಹೆಣ ಹೂಳು ಅಂತ ಮೇಳ ಹೇಳುತ್ತದೆ. ಕ್ರಿಯಾನ್ ಮೊದಲು ಹೆಣದ ಹತ್ತಿರ ಹೋಗುತ್ತಾನೆ, ಅಷ್ಟರಲ್ಲಿ ಹುಡುಗಿ ಸತ್ತಿರುತ್ತಾಳೆ. ಆ ಎರಡು ಚೀಟಿಯನ್ನು ಅದಲುಬದಲು ಮಾಡಿ ಒಂದು ತಾಲೀಮು ನಡೆಸಬೇಕು ಅಂತಿದ್ದೇನೆ.