ಸಬ್‌ಟೈಟಲ್ ಓದಲು ಕಷ್ಟವಾದರೆ ಹೀಗೆ ಮಾಡಿ

ಕಂಪ್ಯೂಟರಿನಲ್ಲಿ ಯೂಟ್ಯೂಬ್ ನೋಡುವಾಗ ‘ಸಿ’ ಒತ್ತಿದರೆ ಸಬ್‌ಟೈಟಲ್ ಬರುತ್ತದೆ. ಪ್ಲಸ್ ಒತ್ತಿದರೆ ಅಕ್ಷರ ದೊಡ್ಡದು, ಮೈನಸ್‌ಗೆ ಚಿಕ್ಕದು. ಸಾಲು ದೃಶ್ಯಕ್ಕೆ ಅಡ್ಡ ಬಂದರೆ ಮೌಸ್‌ನಲ್ಲಿ ಎಳೆದು ಮೇಲಿಡಿ. ಬಣ್ಣ, ಹಿನ್ನೆಲೆ ಬದಲಿಸಲು ಗೇರ್ ಚಿಹ್ನೆ ಒತ್ತಿ, ಸಬ್‌ಟೈಟಲ್ಸ್‌ನೊಳಗೆ ಆಪ್ಷನ್ಸ್‌ಗೆ ಹೋಗಿ. ಹಳದಿ ಅಕ್ಷರವೇ ಚೆಂದ ಅನ್ನುವವರಿದ್ದಾರೆ. ಆದರೆ ಬಿಳಿ ಅಕ್ಷರಕ್ಕೆ 75% ಕಪ್ಪು ಹಿನ್ನೆಲೆ ಕೊಟ್ಟರೆ ಹಿಮದ ದೃಶ್ಯದಲ್ಲೂ ಸಲೀಸಾಗಿ ಓದಬಹುದು.

ಕಂಪ್ಯೂಟರಿನಲ್ಲಿ ವಿಡಿಯೊ ನೋಡುವ ವಿಎಲ್‌ಸಿ ಪ್ಲೇಯರ್‌ನಲ್ಲಿ ಮಾತಿಗಿಂತ ಮುಂಚೆ ಸಾಲು ಬಂದರೆ ‘ಎಚ್’, ತಡವಾದರೆ ‘ಜಿ’. ಒಂದು ಸಲ ಒತ್ತಿದರೆ 50 ಮಿಲಿಸೆಕೆಂಡ್ ಸರಿಯುತ್ತದೆ. ಸರಿಮಾಡಿದ ಮೇಲೂ ವ್ಯತ್ಯಾಸ ಬೆಳೆಯುತ್ತಲೇ ಹೋದರೆ ಆ ಸಬ್‌ಟೈಟಲ್ ಫೈಲು ಬೇರೆ ಫ್ರೇಮ್ ರೇಟ್‌ನದ್ದು (ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ), ಬೇರೆಯದನ್ನೇ ಹುಡುಕಿ. ಕನ್ನಡ ಅಕ್ಷರ ಕಲಸುಮೇಲೋಗರವಾಗಿ ಕಂಡರೆ ಸಬ್‌ಟೈಟಲ್ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ಕ್ರಮ) ಯುಟಿಎಫ್-8 ಇದೆಯೇ ನೋಡಿ. ಚಿತ್ರದ ಮೇಲೆಯೇ ಅಚ್ಚಾಗಿರುವ ಸಬ್‌ಟೈಟಲ್‌ಗೆ ಮಾತ್ರ ಇದ್ಯಾವುದೂ ನಡೆಯದು.